ನೀಲಗಿರಿ: ಕಡಿದರೆ ಸಾಲದು, ಬೊಡ್ಡೆ ಕೀಳಬೇಕು

ಮಾನ್ಯ ಸಂಪಾದಕರಿಗೆ,

ಬೆಂಗಳೂರು ಗ್ರಾಮಾಂತರ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ನೀಲಗಿರಿ ತೋಪುಗಳನ್ನು ತೆರವುಗೊಳಿಸುವ ವಿಷಯವಾಗಿ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಈ ಮರವೇ ನಮ್ಮ ಕೆರೆಗಳನ್ನು ಕುಡಿದು ಮುಗಿಸಿತು ಎಂದು ಕೆಲವರು ಬರೆದರೆ, ಪಾಪದ ಮರದ ಮೇಲೆ ಮನುಷ್ಯನ ತಪ್ಪನ್ನೆಲ್ಲ ಹೇರಲಾಗುತ್ತಿದೆ ಎಂದು ಇನ್ನು ಕೆಲವರು ಬರೆದಿದ್ದಾರೆ. ಬೆಂಗಳೂರಿನ ಕಾಲೇಜೊಂದರಲ್ಲಿ ಬಹುಕಾಲ ಸಸ್ಯಶಾಸ್ತ್ರ ಕಲಿಸಿದ, ಹೊಸಕೋಟೆ ತಾಲ್ಲೂಕಿನಲ್ಲಿ ನೀಲಗಿರಿ ತೋಪುಗಳ ಮಗ್ಗುಲಲ್ಲೇ ಕುಟುಂಬದ ತುಂಡು ಜಮೀನು ಹೊಂದಿರುವ ನನಗೆ ಈ ಎರಡೂ ವಾದಗಳು ಅರ್ಧಂಬರ್ಧ ಅನ್ನಿಸುತ್ತವೆ. ಯಾವ ಜಾತಿಯ ನೀಲಗಿರಿ, ಎಷ್ಟು ಆಳದ ಮಣ್ಣಿನಲ್ಲಿ, ಎಷ್ಟು ಒತ್ತಾಗಿ ಬೆಳೆದಿದೆ, ಕಡಿದ ಮೇಲೆ ಆ ಬುಡವನ್ನು ಏನು ಮಾಡಲಾಯಿತು ಎಂಬುದನ್ನು ಕೇಳದೆ ಈ ಮರದ ಬಗ್ಗೆ ತೀರ್ಪು ಕೊಡಲಾಗದು.

ಆಸ್ಟ್ರೇಲಿಯ ಮೂಲದ ಈ ಕುಲದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ನೇರಳೆ, ಸೀಬೆ, ಲವಂಗಗಳು ಇದೇ ಕುಟುಂಬಕ್ಕೆ ಸೇರಿದವು ಎಂದರೆ ಅನೇಕರಿಗೆ ಅಚ್ಚರಿಯಾಗುತ್ತದೆ. ಟ್ಯಾಸ್ಮೇನಿಯದಲ್ಲಿ ಸುಮಾರು 100 ಮೀಟರ್ ಎತ್ತರಕ್ಕೆ ಬೆಳೆದು, ಹೂ ಬಿಡುವ ಮರಗಳಲ್ಲಿ ಅತಿ ಎತ್ತರದವುಗಳ ಸಾಲಿಗೆ ಸೇರಿದ ಮರವೂ ನೀಲಗಿರಿಯೇ. ಮರುಭೂಮಿಯ ಅಂಚಿನಲ್ಲಿ ಪೊದೆಯಂತೆ ಉಳಿಯುವುದೂ ನೀಲಗಿರಿಯೇ. ಊಟಿಯ ಬೆಟ್ಟಗಳಲ್ಲಿ 1843ರಿಂದ ಸೌದೆಗಾಗಿ ನೆಟ್ಟು ಬೆಳೆಸಿದ್ದು ಗ್ಲಾಬ್ಯುಲಸ್ ಎಂಬ ಪ್ರಭೇದ. ತಂಪನ್ನೂ ಮಂಜನ್ನೂ ಬಯಸುವ ಅದು ನಮ್ಮ ಬಯಲುಸೀಮೆಗೆ ಒಗ್ಗುವುದಿಲ್ಲ. ದೇವನಹಳ್ಳಿ, ಮಾಲೂರು, ಹೊಸಕೋಟೆಗಳ ಕೆಂಪು ಮಣ್ಣಿನಲ್ಲಿ ಸಾಲುಸಾಲಾಗಿ ನಿಂತಿರುವುದು ಬಹುಪಾಲು ಟೆರೆಟಿಕಾರ್ನಿಸ್ ಮತ್ತು ಅದರ ಮಿಶ್ರತಳಿಗಳು. ಅರಣ್ಯ ಇಲಾಖೆಯವರು ‘ಮೈಸೂರು ಗಮ್’ ಎಂದು ಕರೆಯುವ ಈ ತಳಿಯ ಮೂಲ ನಮ್ಮ ನಂದಿಬೆಟ್ಟ. 1790ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿನ ತೋಟಕ್ಕೆ ಬಂದ ಬೀಜಗಳಿಂದ ಬೆಳೆದ ಮರಗಳೇ ಇದರ ಪೂರ್ವಜರು ಎಂದು ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ದಾಖಲಾಗಿದೆ. ಅಂದರೆ ಬೆಂಗಳೂರಿಗೂ ನೀಲಗಿರಿಗೂ ಇರುವ ನಂಟು ಇನ್ನೂರು ವರ್ಷಕ್ಕೂ ಹಳೆಯದು; ಮರ ಇಲ್ಲಿಗೆ ಬಂದು ಎಷ್ಟೋ ತಲೆಮಾರುಗಳಾದ ಮೇಲೆ, ಅದು ಹೊಲಗಳಿಗೆ ಇಳಿದಾಗ ಶುರುವಾದದ್ದು ಈಗಿನ ತಂಟೆ.

ಮರದ ರಚನೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಗುಣಗಳ ಕಾರಣ ತಾನಾಗಿ ತಿಳಿಯುತ್ತದೆ. ಎಳೆಯ ಗಿಡದ ಎಲೆಗೂ ಬಲಿತ ಮರದ ಎಲೆಗೂ ಆಕಾರದಲ್ಲಿ ಎಷ್ಟು ವ್ಯತ್ಯಾಸವೆಂದರೆ, ಮೊದಲ ಸಲ ನೋಡುವ ವಿದ್ಯಾರ್ಥಿ ಎರಡನ್ನೂ ಬೇರೆ ಬೇರೆ ಗಿಡವೆಂದೇ ಬರೆದುಕೊಳ್ಳುತ್ತಾನೆ. ಬಲಿತ ಎಲೆ ಕುಡುಗೋಲಿನಂತೆ ಬಾಗಿ ನೇರ ಕೆಳಕ್ಕೆ ಜೋತುಬೀಳುತ್ತದೆ. ನೆತ್ತಿಯ ಬಿಸಿಲು ಅದರ ಅಂಚನ್ನಷ್ಟೇ ತಾಗುವುದರಿಂದ ಮರ ಹೆಚ್ಚು ಕಾಯುವುದಿಲ್ಲ. ನೀಲಗಿರಿಯ ಕೆಳಗೆ ನಿಂತವರಿಗೆ ತಕ್ಕ ನೆರಳು ಸಿಗದಿರುವುದೂ ಇದೇ ಕಾರಣದಿಂದ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತಹ ಪಾರದರ್ಶಕ ಚುಕ್ಕೆಗಳು ಕಾಣುತ್ತವೆ. ಅವೇ ಎಣ್ಣೆಯ ಗ್ರಂಥಿಗಳು. ಮೊಗ್ಗಿನ ಮೇಲೆ ಪುಟ್ಟ ಟೋಪಿಯೊಂದಿರುತ್ತದೆ. ಹೂ ಅರಳುವಾಗ ಅದು ಕಳಚಿ ಬಿದ್ದು, ಒಳಗಿನಿಂದ ಬಿಳಿಯ ಕೇಸರಗಳ ಕುಚ್ಚು ಹೊರಬರುತ್ತದೆ. ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದು ಬೀಳುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಕಡಿದರೂ ಸಾಯದ ಅದರ ಬುಡ. ತೊಗಟೆಯ ಅಡಿಯಲ್ಲಿ ಮಲಗಿರುವ ಮೊಗ್ಗುಗಳು ಕಾಂಡ ಹೋದ ಕೂಡಲೇ ಎಚ್ಚರಗೊಳ್ಳುತ್ತವೆ. ಕಾಳ್ಗಿಚ್ಚು ಪದೇ ಪದೇ ಬೀಳುವ ನಾಡಿನಲ್ಲಿ ವಿಕಾಸಗೊಂಡ ಮರಕ್ಕೆ ಇದು ಬದುಕುಳಿಯುವ ದಾರಿ. ಅದನ್ನು ತೆಗೆಯಹೊರಟ ನಮಗೆ ಇದೇ ದೊಡ್ಡ ತೊಡಕು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇದರ ಉಪಯೋಗಗಳನ್ನು ಅಲ್ಲಗಳೆಯುವವರು ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯನ್ನು ಒಮ್ಮೆ ನೆನೆಯಬೇಕು. ಕಬ್ಬಿಣದ ಜಾಕ್‌ಗಳು ಬರುವ ಮೊದಲು ಈ ಊರಿನ ತಾರಸಿಗಳಿಗೆ ಸೆಂಟ್ರಿಂಗ್ ಕೊಟ್ಟದ್ದು, ಗೋಡೆಗೆ ಸಾರುವೆ ಕಟ್ಟಿದ್ದು ಬಹುಮಟ್ಟಿಗೆ ನೀಲಗಿರಿ ಮತ್ತು ಸರ್ವೆ ಗಳಗಳಿಂದಲೇ. ಚಿಕ್ಕ ಕಟ್ಟಡಗಳಲ್ಲಿ ಇಂದಿಗೂ ಅವೇ ನಿಲ್ಲುತ್ತವೆ. ಇಟ್ಟಿಗೆ ಗೂಡುಗಳಿಗೆ, ಹೆಂಚಿನ ಕಾರ್ಖಾನೆಗಳಿಗೆ, ಸೌದೆ ಒಲೆಯ ಬೇಕರಿಗಳಿಗೆ, ಮದುವೆಮನೆಯ ಅಡುಗೆಗೆ ಹೋಗುವ ಸೌದೆಯಲ್ಲೂ ಇದರ ಪಾಲು ದೊಡ್ಡದು. ಕಾಗದದ ತಿರುಳಿಗೂ ರೇಯಾನ್ ನೂಲಿಗೂ ಇದು ಬೇಕು. ದಾಂಡೇಲಿ, ಭದ್ರಾವತಿ, ಹರಿಹರಗಳ ಕಾರ್ಖಾನೆಗಳ ಹಸಿವೇ ರಾಜ್ಯದಲ್ಲಿ ನೀಲಗಿರಿಯ ವಿಸ್ತೀರ್ಣವನ್ನು ಹಿಗ್ಗಿಸಿತು ಎನ್ನಬಹುದು. ಮರಗೆಲಸಕ್ಕೆ ಮಾತ್ರ ಇದು ಅಷ್ಟಾಗಿ ಹೊಂದುವುದಿಲ್ಲ. ಕೊಯ್ದ ಹಲಗೆ ಒಣಗುವಾಗ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಹೂಗಳಲ್ಲಿ ಮಕರಂದ ಹೇರಳವಾಗಿದ್ದು ಜೇನು ಸಾಕುವವರಿಗೆ ನೆರವಾಗುತ್ತದೆ. ಜೌಗು ನೆಲವನ್ನು ಒಣಗಿಸಿ ಮಲೇರಿಯಾ ತಡೆಯಲೆಂದು ಹಿಂದೆ ಇಟಲಿಯಲ್ಲಿ ಇದನ್ನು ನೆಟ್ಟಿದ್ದರು. ಅಲ್ಲಿ ಗುಣವೆನಿಸಿದ ಆ ದಾಹವೇ ನಮ್ಮಂತಹ ಒಣಸೀಮೆಯಲ್ಲಿ ದೋಷವಾಯಿತು.

ಎಣ್ಣೆಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಬರೆಯುತ್ತೇನೆ, ಏಕೆಂದರೆ ಮನೆಮನೆಯಲ್ಲೂ ಆ ಸೀಸೆ ಇದೆ. ಗ್ಲಾಬ್ಯುಲಸ್ ಎಲೆಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆಯುವ ಈ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಮೂಗು ಕಟ್ಟಿದಾಗ ಬಿಸಿನೀರಿನ ಹಬೆಗೆ ನಾಲ್ಕು ಹನಿ ಹಾಕಿಕೊಂಡರೆ ಹಾಯೆನಿಸುವುದು, ಮೈಕೈ ನೋವಿಗೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಉಜ್ಜಿದರೆ ಆರಾಮವೆನಿಸುವುದು ನಿಜ. ಬಟ್ಟೆಗೆ ಅಂಟಿದ ಜಿಡ್ಡು, ಗಾಜಿನ ಮೇಲೆ ಉಳಿದ ಸ್ಟಿಕರಿನ ಗೋಂದು ತೆಗೆಯಲೂ ಅದು ಒದಗುತ್ತದೆ. ಆದರೆ ನಮ್ಮ ಬಯಲಿನ ತೋಪಿನ ಎಲೆಗಳನ್ನು ಕುದಿಸಿ ಅದೇ ಎಣ್ಣೆಯ ಗುಣ ನಿರೀಕ್ಷಿಸುವುದು ಸರಿಯಲ್ಲ. ಪ್ರಭೇದ ಬದಲಾದಂತೆ ಎಣ್ಣೆಯ ಪ್ರಮಾಣವೂ ಅಂಶವೂ ಬದಲಾಗುತ್ತವೆ. ನಗರದ ಕೆಲವು ಉದ್ಯಾನಗಳಲ್ಲಿರುವ, ನುಣುಪಾದ ಬಿಳಿ ಕಾಂಡದ, ಎಲೆ ಕಿವುಚಿದರೆ ನಿಂಬೆಯ ವಾಸನೆ ಬರುವ ಮರದ ಎಣ್ಣೆಯಲ್ಲಿ ಸಿಟ್ರೊನೆಲಾಲ್ ಪ್ರಧಾನವಾಗಿದ್ದು, ಅದು ಸುಗಂಧದ್ರವ್ಯಗಳಿಗೆ, ಸೊಳ್ಳೆ ಓಡಿಸುವ ಲೇಪಗಳಿಗೆ ಒದಗುತ್ತದೆ. ಅದನ್ನೀಗ ಸಸ್ಯವಿಜ್ಞಾನಿಗಳು ಕೊರಿಂಬಿಯ ಎಂಬ ಬೇರೆ ಕುಲಕ್ಕೇ ಸೇರಿಸಿದ್ದಾರೆ.

ಇನ್ನೊಂದು ವಿಷಯವನ್ನು ಅಜ್ಜಿ-ತಾತಂದಿರು ದಯವಿಟ್ಟು ಗಮನಿಸಬೇಕು. ನೀಲಗಿರಿ ಎಣ್ಣೆಯನ್ನು ಹೊಟ್ಟೆಗೆ ತೆಗೆದುಕೊಳ್ಳುವಂತಿಲ್ಲ. ಮಕ್ಕಳು ಕೆಲವೇ ಮಿಲಿಲೀಟರ್ ಕುಡಿದರೂ ಮಂಪರು, ಫಿಟ್ಸ್ ಬರಬಹುದು. ಶೀತವಾಗಿದೆಯೆಂದು ಹಸುಗೂಸಿನ ಮೂಗಿನ ಬಳಿ ಇದನ್ನು ಸವರುವ ರೂಢಿಯೂ ಅಪಾಯಕಾರಿ, ಉಸಿರಾಟಕ್ಕೇ ತೊಂದರೆಯಾಗಬಹುದು. ಸೀಸೆಯನ್ನು ದೇವರಮನೆಯ ಗೂಡಿನಲ್ಲೋ ಹಾಸಿಗೆಯ ಪಕ್ಕದಲ್ಲೋ ಇಡದೆ ಮಕ್ಕಳ ಕೈಗೆಟುಕದಲ್ಲಿ ಇಡಬೇಕು.

ಈಗ ರೈತರ ವಿಷಯ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ಸಸಿಗಳು ಸುಲಭವಾಗಿ ಸಿಕ್ಕಾಗ ಕೋಲಾರ ಸೀಮೆಯ ರೈತರು ರಾಗಿ ಹೊಲಗಳನ್ನೇ ನೀಲಗಿರಿಗೆ ಬಿಟ್ಟುಕೊಟ್ಟದ್ದನ್ನು ದುರಾಸೆ ಎಂದು ಬರೆದಿರುವ ಓದುಗರು, ಅಂದಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಮಳೆ ನಂಬಿದ ರಾಗಿಗೆ ಉಳುಮೆ, ಬಿತ್ತನೆ, ಕಳೆ, ಕೊಯ್ಲು, ಕಣ ಎಂದು ಹೆಜ್ಜೆಹೆಜ್ಜೆಗೂ ಆಳು ಬೇಕು. ಮಳೆ ಕೈಕೊಟ್ಟರೆ ಅಷ್ಟೂ ನಷ್ಟ. ನೀಲಗಿರಿಯನ್ನು ಒಮ್ಮೆ ನೆಟ್ಟರೆ ಬೇಲಿ ಬೇಡ, ದನ-ಕುರಿ ಬಾಯಿ ಹಾಕುವುದಿಲ್ಲ, ಬರಕ್ಕೆ ಬಗ್ಗುವುದಿಲ್ಲ, ಕೆಲವೇ ವರ್ಷಗಳಲ್ಲಿ ಕಟಾವಿಗೆ ಬಂದು ವ್ಯಾಪಾರಿಯೇ ಹೊಲಕ್ಕೆ ಲಾರಿ ತಂದು ಕಡಿದುಕೊಂಡು ಹೋಗುತ್ತಾನೆ. ಮಕ್ಕಳು ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಕೆಲಸಕ್ಕೆ ಹೊರಟುಹೋದ ಮನೆಯ ವಯಸ್ಸಾದ ಯಜಮಾನನಿಗೆ ಇದಕ್ಕಿಂತ ಹಗುರವಾದ ಬೆಳೆ ಬೇರೆ ಇರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಹಳ್ಳಿಯಲ್ಲಿ ಜಮೀನು ಕೊಂಡವರಿಗಂತೂ, ಬೆಲೆ ಏರುವ ತನಕ ನೆಲ ಕಾಯಲು ಇದೇ ಕಾವಲುಗಾರನಾಯಿತು. ನನ್ನ ಅನಿಸಿಕೆಯಲ್ಲಿ ದೂಷಿಸಲೇಬೇಕೆಂದರೆ ಈ ಕೊನೆಯವರನ್ನು ಮೊದಲು ದೂಷಿಸಬೇಕು. ಉಳುವವನ ಸರದಿ ಆಮೇಲೆ.

ಎಲ್ಲ ರೈತರೂ ಇದನ್ನು ಒಪ್ಪಿದ್ದರೆಂದೂ ಅಲ್ಲ. ಎಂಬತ್ತರ ದಶಕದ ಆರಂಭದಲ್ಲೇ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸರ್ಕಾರಿ ನರ್ಸರಿಗಳ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದ್ದರು. 1984ರಲ್ಲಿ ಸರ್ಕಾರವೂ ಖಾಸಗಿ ಉದ್ಯಮವೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಜನರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯನ್ನು ತಿರುಳಿನ ಮರಕ್ಕೆ ಮೀಸಲಿಡಲು ಹೊರಟಾಗ, ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು, ಜನರಿಗೆ ಬೇಕಾದ ಮರಗಳ ಸಸಿ ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಕೀಳುವುದಕ್ಕೆ ಬಂದವರು ಕೈಯಲ್ಲಿ ಬೇರೆ ಸಸಿಯನ್ನೂ ಹಿಡಿದು ಬಂದಿದ್ದರು ಎಂಬುದನ್ನು ಇಂದಿನ ತೆರವು ಯೋಜನೆಯವರು ನೆನಪಿಡಬೇಕು.

ಚರ್ಚೆಯ ಜೀವಾಳವಾದ ನೀರಿನ ಪ್ರಶ್ನೆಯಲ್ಲಿ ನಮಗೆ ಊಹೆಯ ಅಗತ್ಯವಿಲ್ಲ. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ ಅರಣ್ಯ ಇಲಾಖೆಯ ಜೊತೆಗೂಡಿ ಎಂಬತ್ತು-ತೊಂಬತ್ತರ ದಶಕಗಳಲ್ಲಿ ನಮ್ಮ ಹೊಸಕೋಟೆಯಲ್ಲೂ ಶಿವಮೊಗ್ಗ ಭಾಗದಲ್ಲೂ ಮಣ್ಣಿನ ತೇವವನ್ನು ಪದರಪದರವಾಗಿ ಅಳೆದು ನೋಡಿದ್ದಾರೆ. ಅವರಿಗೆ ಕಂಡದ್ದು ಒಂದೇ ಉತ್ತರವಲ್ಲ. ಮಣ್ಣಿನ ಆಳ ಹೆಚ್ಚಿಲ್ಲದ ಕಡೆ ನೀಲಗಿರಿ ತೋಪು ಬಳಸುವ ನೀರು ಅಲ್ಲಿನ ಸಹಜ ಕುರುಚಲು ಕಾಡು ಬಳಸುವಷ್ಟೇ ಇತ್ತು. ಹೆಚ್ಚುಕಡಿಮೆ ಬಿದ್ದ ಮಳೆಯಷ್ಟನ್ನೂ ಎರಡೂ ಉಪಯೋಗಿಸುತ್ತಿದ್ದವು. ರಾಗಿ ಹೊಲ ಮಾತ್ರ ಅದರ ಸುಮಾರು ಅರ್ಧದಷ್ಟು ನೀರಿನಲ್ಲೇ ತೃಪ್ತಿಪಡುತ್ತಿತ್ತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಫಲಿತಾಂಶ ಬೇರೆಯೇ ಆಗಿತ್ತು. ಅಲ್ಲಿ ಎಳೆಯ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿತು. ಬೇರುಗಳು ವರ್ಷಕ್ಕೆ ಎರಡು ಮೀಟರ್‌ಗೂ ಮಿಗಿಲಾಗಿ ಕೆಳಗಿಳಿಯುತ್ತ, ಹಿಂದಿನ ವರ್ಷಗಳ ಮಳೆ ಮಣ್ಣಿನ ಆಳದಲ್ಲಿ ಉಳಿಸಿಹೋಗಿದ್ದ ತೇವವನ್ನು ಹೊಸ ಹೊಸ ಪದರಗಳಿಂದ ಎಳೆದುಕೊಳ್ಳುತ್ತಿದ್ದವು.

ಇದರ ಅರ್ಥವನ್ನು ರೈತನ ಹೊಲದಲ್ಲಿ ನಿಂತು ನೋಡೋಣ. ರಾಗಿಯ ಬೇರು ಮೇಲಿನ ಪದರದಲ್ಲೇ ಉಳಿಯುತ್ತದೆ. ಕೊಯ್ಲಾದ ಮೇಲೆ ಹೊಲ ಬರಿದಾಗಿರುತ್ತದೆ. ಮುಂದಿನ ಮುಂಗಾರಿನ ಹೊತ್ತಿಗೆ ಒಳಗಿನ ಮಣ್ಣಿನಲ್ಲಿ ಸ್ವಲ್ಪವಾದರೂ ಹಸಿ ಉಳಿದಿರುತ್ತದೆ. ಒಳ್ಳೆಯ ಮಳೆ ಬಂದಾಗ ಮೇಲಿನ ಮಣ್ಣು ಬೇಗ ತಣಿದು, ಮಿಕ್ಕ ನೀರು ಕೆಳಗಿಳಿದು ತೆರೆದ ಬಾವಿಯನ್ನೋ ಹಳ್ಳವನ್ನೋ ಸೇರುತ್ತದೆ. ವರ್ಷವಿಡೀ ಎಲೆ ಹೊತ್ತ ನೀಲಗಿರಿ ಬೇಸಿಗೆಯಲ್ಲೂ ಕುಡಿಯುವುದನ್ನು ನಿಲ್ಲಿಸದಿರುವುದರಿಂದ, ಅದರ ಅಡಿಯ ಮಣ್ಣು ಹಲವು ಮೀಟರ್ ಆಳದವರೆಗೆ ಒಣಗಿ ನಿಂತಿರುತ್ತದೆ. ಮಳೆ ಬಂದರೆ ಮೊದಲು ಆ ಸಾಲ ತೀರಬೇಕು. ವರ್ಷಕ್ಕೆ 700-800 ಮಿಲಿಮೀಟರ್ ಮಳೆಯ ನಮ್ಮ ಸೀಮೆಯಲ್ಲಿ ಅದು ತೀರುವ ಮೊದಲೇ ಮಳೆಗಾಲ ಮುಗಿಯುತ್ತದೆ. ಇಂತಹ ತೋಪುಗಳು ಕೆರೆಯ ಮೇಲ್ಭಾಗದ ಜಲಾನಯನದಲ್ಲಿ ಒತ್ತೊತ್ತಾಗಿ ಹಬ್ಬಿದರೆ ಒರತೆ ಬತ್ತದೆ ಇನ್ನೇನಾಗುತ್ತದೆ?

ಇಷ್ಟು ಒಪ್ಪಿಕೊಂಡ ಮೇಲೂ ಒಂದು ಆಪಾದನೆಯನ್ನು ನಾನು ಒಪ್ಪಲಾರೆ. ಸಾವಿರ, ಸಾವಿರದೈನೂರು ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿಗೆ ನೀಲಗಿರಿ ಕಾರಣವೆನ್ನುವುದು ತಪ್ಪು. ಯಾವ ಮರದ ಬೇರೂ ಬಂಡೆಯ ಬಿರುಕುಗಳಲ್ಲಿ ಅಷ್ಟು ಆಳದ ನೀರನ್ನು ಮುಟ್ಟುವುದಿಲ್ಲ. ಆ ನೀರನ್ನು ಖಾಲಿ ಮಾಡಿದ್ದು ಮೋಟಾರುಗಳು. ತರಕಾರಿ, ಹಿಪ್ಪುನೇರಳೆ, ಹೂವಿನ ಬೆಳೆಗಳಿಗೂ ಬಡಾವಣೆಗಳ ಟ್ಯಾಂಕರುಗಳಿಗೂ ನಾವೇ ಎತ್ತಿ ಸುರಿದದ್ದು. ಮರದ ಅಪರಾಧವೆಂದರೆ ಮರುಪೂರಣವಾಗಬೇಕಾದ ನೀರನ್ನು ದಾರಿಯಲ್ಲೇ ತಡೆದದ್ದು. ಇವೆರಡನ್ನೂ ಬೆರೆಸಿ ಮಾತನಾಡಿದರೆ ಪಂಪು ಇಟ್ಟವರು ತಪ್ಪಿಸಿಕೊಳ್ಳುತ್ತಾರೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಬೇಕಾಗಿ ಬಂದ ಸ್ಥಿತಿಗೆ ಇಬ್ಬರೂ ಹೊಣೆ.

ನೀಲಗಿರಿಯ ಕೆಳಗೆ ಹುಲ್ಲೂ ಹುಟ್ಟುವುದಿಲ್ಲ ಎಂಬ ಮಾತಿನಲ್ಲೂ ಅರ್ಧ ಸತ್ಯವಿದೆ. ಎಲೆಗಳ ರಾಸಾಯನಿಕ ಅಂಶಗಳು ಕೆಲವು ಬೀಜಗಳ ಮೊಳಕೆಯನ್ನು ತಡೆಯುತ್ತವೆ, ತರಗು ನಿಧಾನವಾಗಿ ಕೊಳೆಯುತ್ತದೆ, ತೇವಕ್ಕಾಗಿ ಪೈಪೋಟಿ ಇರುತ್ತದೆ. ಮಲೆನಾಡಿನಂತಹ ಮಳೆ ಹೆಚ್ಚಿರುವ ಕಡೆ ಇದೇ ಮರದ ಅಡಿಯಲ್ಲಿ ಸಾಕಷ್ಟು ಗಿಡಗಂಟಿ ಬೆಳೆಯುವುದನ್ನೂ ನೋಡಬಹುದು. ನಮ್ಮ ಕಡೆ ತೋಪಿನ ನೆಲ ಬೋಳಾಗಿರುವುದಕ್ಕೆ ಇನ್ನೊಂದು ಕಾರಣ, ಒಲೆಗೆಂದು ತರಗನ್ನು ಕಾಲಕಾಲಕ್ಕೆ ಗುಡಿಸಿ ಒಯ್ಯುವುದು. ಮಣ್ಣಿಗೆ ಮರಳಬೇಕಾದ ಸಾರ ಹಾಗೆ ಹೊರಟುಹೋಗುತ್ತದೆ.

ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಮತ್ತು ಅಕೇಶಿಯ ನೆಡುವುದನ್ನು ನಿಷೇಧಿಸಿದ್ದು ಸ್ವಾಗತಾರ್ಹ. ಆದರೆ ನಿಷೇಧ ಹೊಸ ಸಸಿಗೆ ಮಾತ್ರ ತಾಗುತ್ತದೆ, ಹಳೆಯ ಬುಡಕ್ಕಲ್ಲ. ಮರ ಕಡಿದು ಲಾರಿ ಹೋದ ಮೇಲೆ ಯಾವುದೇ ತೋಪಿಗೆ ಒಂದು ಮಳೆಯ ನಂತರ ಹೋಗಿ ನೋಡಿ: ನೆಲದಿಂದ ಗೇಣೆತ್ತರದ ಪ್ರತಿ ಬೊಡ್ಡೆಯ ಅಂಚಿನಲ್ಲೂ ತಾಮ್ರದ ಬಣ್ಣದ ಚಿಗುರುಗಳು ಬಳೆಯಂತೆ ಸುತ್ತ ಎದ್ದಿರುತ್ತವೆ. ಅವುಗಳಲ್ಲಿ ಬಲವಾದ ಎರಡು-ಮೂರನ್ನು ಉಳಿಸಿ ಮಿಕ್ಕವನ್ನು ಸವರಿದರೆ ಮತ್ತೆ ಗಳ ಸಿದ್ಧ. ಕಾಂಡ ಹೊಸದಾದರೂ ಬೇರು ಹಳೆಯದೇ, ಆಳಕ್ಕಿಳಿದಿರುವುದೇ. ಹಾಗಾಗಿ ಎರಡನೆಯ ಬೆಳೆ ಮೊದಲನೆಯದಕ್ಕಿಂತ ಬೇಗ ಮೇಲೇಳುತ್ತದೆ. ಹೀಗೆ ಮೂರು-ನಾಲ್ಕು ಕಟಾವು ಸಲೀಸಾಗಿ ಸಿಗುತ್ತದೆ. ಅಂದರೆ ‘ಇಷ್ಟು ಎಕರೆ ನೀಲಗಿರಿ ತೆರವುಗೊಳಿಸಲಾಗಿದೆ’ ಎಂಬ ಸರ್ಕಾರಿ ಪ್ರಕಟಣೆಯಲ್ಲಿ ಬೊಡ್ಡೆ ಕಿತ್ತ ಎಕರೆ ಎಷ್ಟು, ಬರೀ ಕಟಾವಾದ ಎಕರೆ ಎಷ್ಟು ಎಂದು ಬಿಡಿಸಿ ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಬೊಡ್ಡೆ ಕೀಳಿಸುವುದು ಅಗ್ಗದ ಕೆಲಸವಲ್ಲ. ಜೆಸಿಬಿ ಗಂಟೆಗಟ್ಟಲೆ ನಿಲ್ಲಬೇಕು. ಕಿತ್ತ ಬೊಡ್ಡೆಯನ್ನು ಸೌದೆಗೆ ಮಾರಿದರೂ ಬಾಡಿಗೆ ಪೂರ್ತಿ ಹುಟ್ಟುವುದಿಲ್ಲ. ಗುಂಡಿ ಬಿದ್ದ ಹೊಲವನ್ನು ಮತ್ತೆ ಮಟ್ಟ ಮಾಡಬೇಕು. ಸಣ್ಣ ಹಿಡುವಳಿದಾರ ಇದನ್ನೆಲ್ಲ ನೋಡಿ ಸುಮ್ಮನೆ ಇನ್ನೊಂದು ಬೆಳೆ ಚಿಗುರಿಸಿಕೊಳ್ಳುತ್ತಾನೆ. ಅವನನ್ನು ನೋಟಿಸು ಕೊಟ್ಟು ಹೆದರಿಸುವ ಬದಲು ಬೊಡ್ಡೆ ಕೀಳುವ ವೆಚ್ಚಕ್ಕೆ ಸಹಾಯಧನ ಕೊಡುವುದು, ಹೊಲ ಮಟ್ಟ ಮಾಡಿ ಬದು ಹಾಕುವ ಕೆಲಸವನ್ನು ಉದ್ಯೋಗ ಖಾತರಿಯ ಕಾಮಗಾರಿಗೆ ಸೇರಿಸುವುದು ನ್ಯಾಯ. ಯಂತ್ರ ತರಲಾಗದ ಕಡೆ ಚಿಗುರನ್ನು ಬಂದಂತೆಲ್ಲ ಮುರಿದುಹಾಕುತ್ತ ಬುಡದ ಶಕ್ತಿ ಕುಂದಿಸುವ ದಾರಿಯೂ ಇದೆ. ಅದಕ್ಕೆ ತಾಳ್ಮೆ ಬೇಕು, ಒಂದು ಮಳೆಗಾಲ ತಪ್ಪಿಸಿದರೂ ಮೊದಲಿನಿಂದ ಶುರು.

ತೆರವಾದ ಜಾಗದಲ್ಲಿ ಏನು ಬರಬೇಕು ಎಂಬುದರಲ್ಲಿ ಪರಿಸರಪ್ರೇಮಿ ಮಿತ್ರರಿಗೆ ನನ್ನದೊಂದು ತಕರಾರಿದೆ. ‘ದೇಶೀಯ ಮರ’ ಎಂಬ ಒಂದೇ ಕಾರಣಕ್ಕೆ ಹೊಂಗೆಯನ್ನೋ ಬೇವನ್ನೋ ನೀಲಗಿರಿಯಷ್ಟೇ ಒತ್ತಾಗಿ ನೆಟ್ಟರೆ ನೆರಳು, ಹಣ್ಣು, ಹಕ್ಕಿ, ಗೊಬ್ಬರ ಎಲ್ಲವೂ ಸಿಗಬಹುದು, ಬಾವಿಯ ನೀರು ಮಾತ್ರ ಮರಳಲಾರದು. ಸಹಜ ಕಾಡೂ ತೋಪಿನಷ್ಟೇ ನೀರು ಬಳಸಿತೆಂಬ ಮೇಲಿನ ಅಳತೆಯನ್ನು ನಾವು ನಮಗೆ ಅನುಕೂಲವಾದಾಗ ಮಾತ್ರ ಉದ್ಧರಿಸಬಾರದು. ನೀರೇ ಗುರಿಯಾದರೆ ಕೆರೆಯ ಮೇಲ್ಭಾಗದ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ ಬೆಳೆದು, ಬದುಗಳ ಮೇಲೆ ದೂರದೂರಕ್ಕೆ ಹುಣಸೆ, ಹಲಸು, ನೇರಳೆ, ಹೊಂಗೆ ಬೆಳೆಸುವ ಹಿಂದಿನ ಪದ್ಧತಿಯೇ ಲೇಸು. ಗೋಮಾಳದಲ್ಲಿದ್ದ ತೋಪು ಹೋದರೆ ಅದು ಹುಲ್ಲುಗಾವಲಾಗಿಯೇ ಉಳಿಯಲಿ. ಇನ್ನು, ನೀಲಗಿರಿ ಕಿತ್ತ ಮರುವರ್ಷ ಅಲ್ಲಿ ನಿವೇಶನಗಳ ಕಲ್ಲು ನೆಟ್ಟು ಡಾಂಬರು ಸುರಿಯುವುದಾದರೆ, ಕುಡಿಯುವ ಮರದ ಜಾಗದಲ್ಲಿ ನೀರನ್ನು ಒಳಗೇ ಬಿಡದ ನೆಲವನ್ನು ತಂದಂತಾಗುತ್ತದೆ. ದೇವನಹಳ್ಳಿ ಸುತ್ತಮುತ್ತ ಈಗ ಆಗುತ್ತಿರುವುದು ಬಹಳ ಕಡೆ ಇದೇ.

ನಗರದೊಳಗಿನ ಹಳೆಯ ನೀಲಗಿರಿಗಳನ್ನು ಈ ಗದ್ದಲದಲ್ಲಿ ಎಳೆದು ತರುವುದು ಬೇಡ. ಉದ್ಯಾನಗಳಲ್ಲೂ ಸಂಸ್ಥೆಗಳ ಆವರಣಗಳಲ್ಲೂ ಬಿಡಿಬಿಡಿಯಾಗಿ ನಿಂತಿರುವ ಆ ದೊಡ್ಡ ಮರಗಳಿಂದ ಅಂತರ್ಜಲಕ್ಕೆ ಆಗುವ ಹಾನಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅವುಗಳ ಕೊಂಬೆಗಳು ಗಾಳಿಗೆ ಏಕಾಏಕಿ ಮುರಿದು ಬೀಳುವುದುಂಟು. ಪಾಲಿಕೆಯ ಅರಣ್ಯ ವಿಭಾಗದವರು ಮುಂಗಾರಿಗೆ ಮೊದಲು ಒಣಕೊಂಬೆಗಳನ್ನು ಸವರಿದರೆ ಸಾಕು.

ಜಿಲ್ಲಾಡಳಿತಗಳು ಮುಂದಿನ ಬೇಸಿಗೆಗೆ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಕೆರೆಯ ಜಲಾನಯನದೊಳಗೆ ಬರುವ ನೀಲಗಿರಿ ಸರ್ವೆ ನಂಬರುಗಳ ಪಟ್ಟಿ ಮಾಡಿ, ಮಾಲೀಕ ಊರಿನಲ್ಲೇ ಇರುವ ಸಣ್ಣ ರೈತನೋ ಹೊರಗಿನ ಹೂಡಿಕೆದಾರನೋ ಎಂದು ಬೇರ್ಪಡಿಸಿ, ಮೊದಲನೆಯವನಿಗೆ ಬೊಡ್ಡೆ ಕೀಳುವ ವೆಚ್ಚ ಕೊಡಲಿ. ಎರಡನೆಯವನು ತನ್ನ ಖರ್ಚಿನಲ್ಲೇ ಕೀಳಿಸುವಂತೆ ನಿಯಮ ಮಾಡಲಿ. ಆ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರೆ ಯಾವ ಸರ್ವೆ ನಂಬರಿನಲ್ಲಿ ಬೊಡ್ಡೆ ಉಳಿದಿದೆ ಎಂಬುದನ್ನು ಊರಿನವರೇ ಹೇಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಬೆಂಗಳೂರು